ಸುತ್ತು ಹೆಚ್ಚಿಸಿದರೂ ಬಲ ಏರದ ಮೊಳೆ, ಫೆಬ್ರವರಿಯಲ್ಲಿ ಸುಟ್ಟ ಕಾಯಿಲ್

ಪ್ರಶ್ನೆ: ನಾವು ನಾಪೋಕ್ಲು ಹತ್ತಿರದ ಕಾಫಿ ಬೆಳೆಗಾರರು. ಮಗಳು ಹತ್ತನೇ ತರಗತಿ, ಶಾಲೆಯ ವಿಜ್ಞಾನ ಮೇಳಕ್ಕೆ ವಿದ್ಯುತ್ಕಾಂತ ಮಾಡುತ್ತಿದ್ದಾಳೆ. ನಾಲ್ಕು ಇಂಚಿನ ಮೊಳೆಗೆ ಹಳೇ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಸಣ್ಣ ತಾಮ್ರದ ತಂತಿಯನ್ನು 200 ಸುತ್ತು ಸುತ್ತಿ, ಎರಡು ಪೆನ್ಸಿಲ್ ಸೆಲ್ ಕೊಟ್ಟಳು. 12 ಗುಂಡುಸೂಜಿ ಎತ್ತಿತು. ಇನ್ನೂ 200 ಸುತ್ತು ಸೇರಿಸಿದರೆ 24 ಎತ್ತಬೇಕಲ್ಲ? ಎತ್ತಿದ್ದು 14. ಸೆಲ್ ತೆಗೆದ ಮೇಲೂ ಮೂರು ಸೂಜಿ ಬೀಳಲೇ ಇಲ್ಲ. ಎಲ್ಲಿ ತಪ್ಪಿದ್ದೇವೆ? ಇನ್ನೊಂದು ವಿಷಯ. ನಮ್ಮ ಕೆರೆ ಪಂಪಿನ ಸ್ಟಾರ್ಟರ್ ಫೆಬ್ರವರಿಯಲ್ಲಿ ಜೋರಾಗಿ ಗುಂಯ್‌ಗುಟ್ಟಿ, ಕೊನೆಗೆ ಕಾಯಿಲ್ ಸುಟ್ಟುಹೋಯಿತು. ಅದರೊಳಗೆ ಇರುವುದೂ ವಿದ್ಯುತ್ಕಾಂತವೇ ಅಂತ ಮಗಳು ಹೇಳುತ್ತಾಳೆ. ಹೌದಾ? ಹಾಗಾದರೆ ಅದು ಯಾಕೆ ಸುಟ್ಟಿತು?

ಉತ್ತರ: ಮಗಳು ಹೇಳಿದ್ದು ಸರಿ. ಮೊಳೆಗೆ ಸುತ್ತಿದ ಕಾಯಿಲ್, ಸ್ಟಾರ್ಟರಿನ ಕಾಯಿಲ್, ಎರಡೂ ಒಂದೇ ಜಾತಿ. ಗೋಣಿಕೊಪ್ಪದಲ್ಲಿ ಮೋಟಾರ್ ರೀವೈಂಡಿಂಗ್ ಮಾಡುತ್ತಾ 27 ವರ್ಷ ಆಯಿತು. ಸುಟ್ಟ ಕಾಯಿಲ್ ಹಿಡಿದುಕೊಂಡು ಬರುವ ಎಲ್ಲರೂ ತಂತಿಯನ್ನೇ ಬೈಯುತ್ತಾರೆ. ಆದರೆ ವಿದ್ಯುತ್ಕಾಂತದಲ್ಲಿ ನಿಜವಾದ ಕೆಲಸ ಮಾಡುವುದು ತಂತಿಯಲ್ಲ, ಕಬ್ಬಿಣ. ತಂತಿ ಬರೀ ಕಬ್ಬಿಣವನ್ನು ಎಬ್ಬಿಸುತ್ತದೆ. ಮೂರು ಸೂಜಿ ಬೀಳದ್ದಕ್ಕೂ ಸ್ಟಾರ್ಟರ್ ಸುಟ್ಟಿದ್ದಕ್ಕೂ ಮೂಲ ಇದೇ. ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಆ 14 ಸೂಜಿಯ ಲೆಕ್ಕ ಮುಗಿಸೋಣ.

ಕಾಯಿಲ್ಲಿನ ಶಕ್ತಿಯನ್ನು ಅಳೆಯುವುದು ಆಂಪಿಯರ್-ಸುತ್ತಿನಲ್ಲಿ. ಅಂದರೆ ಎಷ್ಟು ಕರೆಂಟು ಹರಿಯುತ್ತಿದೆ, ಎಷ್ಟು ಸುತ್ತು ಇದೆ, ಎರಡನ್ನೂ ಗುಣಿಸಿದ ಸಂಖ್ಯೆ. 1 ಆಂಪಿಯರಿನಲ್ಲಿ 100 ಸುತ್ತು ಇದ್ದರೂ, ಅರ್ಧ ಆಂಪಿಯರಿನಲ್ಲಿ 200 ಸುತ್ತು ಇದ್ದರೂ ಫಲ ಒಂದೇ. ಶಾಲೆಯ ಪುಸ್ತಕದಲ್ಲಿ "ಸುತ್ತು ಹೆಚ್ಚಿಸಿದರೆ ಬಲ ಹೆಚ್ಚುತ್ತದೆ" ಅಂತ ಇರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಕರೆಂಟು ಅಷ್ಟೇ ಇದ್ದರೆ ಮಾತ್ರ ಅದು ನಿಜ. ನೀವು ಸುತ್ತು ಸೇರಿಸಿದಾಗ ತಂತಿಯೂ ಉದ್ದವಾಯಿತು, ಕರೆಂಟಿಗೆ ತಂತಿ ಒಡ್ಡುವ ತಡೆ ಏರಿತು, ಕರೆಂಟು ಇಳಿಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ನಿಮ್ಮ ತಂತಿ 36 ಗೇಜ್ ಇರಬಹುದು ಅಂತ ಇಟ್ಟುಕೊಳ್ಳೋಣ. ಅದಕ್ಕೆ ಮೀಟರಿಗೆ ಸುಮಾರು 0.6 ಓಮ್ ತಡೆ. ಆ ಮೊಳೆಯ ಮೇಲೆ ಒಂದು ಸುತ್ತಿಗೆ ಸುಮಾರು 2 ಸೆಂಟಿಮೀಟರ್ ತಂತಿ ಬೇಕು. 200 ಸುತ್ತಿಗೆ 4 ಮೀಟರ್, ಅಂದರೆ 2.4 ಓಮ್. ಪೆನ್ಸಿಲ್ ಸೆಲ್ಲಿನ ಒಳಗೂ ತಡೆ ಇರುತ್ತದೆ, ಎರಡು ಸೆಲ್ಲಿಗೆ ಸೇರಿ 1 ಓಮ್ ಅಂತ ಹಿಡಿಯಿರಿ. 3 ವೋಲ್ಟನ್ನು 3.4ರಿಂದ ಭಾಗಿಸಿದರೆ 0.88 ಆಂಪಿಯರ್. 200ರಿಂದ ಗುಣಿಸಿ: 176 ಆಂಪಿಯರ್-ಸುತ್ತು. ಈಗ 400 ಸುತ್ತು. ತಂತಿಯ ತಡೆ 4.8, ಸೆಲ್ಲಿನದು 1, ಒಟ್ಟು 5.8 ಓಮ್. ಕರೆಂಟು 0.52 ಆಂಪಿಯರಿಗೆ ಇಳಿಯಿತು. 400ರಿಂದ ಗುಣಿಸಿದರೆ 207. ಸುತ್ತು ಎರಡರಷ್ಟಾಯಿತು, ಬಲ ಏರಿದ್ದು ಆರನೇ ಒಂದು ಭಾಗ ಅಷ್ಟೇ. 12 ಸೂಜಿ 14 ಆಯಿತು ಅಂದರೆ ಮಗಳು ಸರಿಯಾಗಿಯೇ ಎಣಿಸಿದ್ದಾಳೆ. ಆ ಅಂಕಿಯನ್ನು ಅಳಿಸದೆ ಮೇಳದ ಚಾರ್ಟಿನಲ್ಲಿ ಹಾಗೇ ಬರೆಯಲಿ.

ಸೆಲ್ಲಿನ ಒಳಗೆ ತಡೆಯೇ ಇಲ್ಲ ಅಂತ ಇಟ್ಟುಕೊಂಡು ಇದೇ ಲೆಕ್ಕ ಮಾಡಿ ನೋಡಿ. 200 ಸುತ್ತಿಗೂ 250 ಬರುತ್ತದೆ, 400 ಸುತ್ತಿಗೂ 250 ಬರುತ್ತದೆ! ವೋಲ್ಟೇಜ್ ಒಂದೇ ಇದ್ದರೆ ಆಂಪಿಯರ್-ಸುತ್ತನ್ನು ತೀರ್ಮಾನಿಸುವುದು ಒಂದು ಸುತ್ತಿನ ತಡೆ ಮಾತ್ರ, ಅಂದರೆ ತಂತಿಯ ದಪ್ಪ. ಸುತ್ತು ಹೆಚ್ಚಿಸುವುದರಿಂದ ಆಗುವ ಲಾಭ ಬೇರೆ: ಕರೆಂಟು ಕಡಿಮೆಯಾಗಿ ಕಾಯಿಲ್ ತಣ್ಣಗಿರುತ್ತದೆ, ಸೆಲ್ ಜಾಸ್ತಿ ಹೊತ್ತು ಬಾಳುತ್ತದೆ. ನಮ್ಮ ಕಸುಬಿನಲ್ಲಿ ಹುಡುಗರಿಗೆ ಮೊದಲು ಕಲಿಸಬೇಕಾದ ಪಾಠ ಇದು. ಬಲ ಬೇಕಾದರೆ ದಪ್ಪ ತಂತಿ, ತಂಪು ಬೇಕಾದರೆ ಜಾಸ್ತಿ ಸುತ್ತು. ಎರಡೂ ಬೇಕಾದರೆ ಜಾಗ ಜಾಸ್ತಿ ಬೇಕು, ತಾಮ್ರ ಜಾಸ್ತಿ ಬೇಕು.

ಇನ್ನು ಕಬ್ಬಿಣದ ವಿಷಯಕ್ಕೆ ಬರೋಣ.

ಕರೆಂಟು ಹರಿಯುವ ತಂತಿಯ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತದೆ ಅಂತ 1820ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಅರ್‌ಸ್ಟೆಡ್. ತಂತಿಯ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. ಆದರೆ ಬರೀ ತಂತಿಯ ಸುರುಳಿಯ ಬಲ ತೀರಾ ಕಡಿಮೆ. ಮಗಳ ಕಾಯಿಲ್ಲಿನಿಂದ ಮೊಳೆಯನ್ನು ಎಳೆದು ತೆಗೆದು ಸೂಜಿ ಎತ್ತಲು ನೋಡಿ. ಒಂದೂ ಏಳುವುದು ಕಷ್ಟ. ಒಳಗೆ ಕಬ್ಬಿಣ ಹೋದ ಕೂಡಲೇ ಆ ಬಲ ಹತ್ತಾರು, ನೂರಾರು ಪಟ್ಟು ಆಗುತ್ತದೆ. ಎಲ್ಲಿಂದ ಬಂತು?

ಕಬ್ಬಿಣದ ಒಳಗೆ ಆಗಲೇ ಅಯಸ್ಕಾಂತಗಳು ಇವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ವಲಯಗಳು, ಒಂದೊಂದೂ ಪೂರ್ತಿ ಅಯಸ್ಕಾಂತ. ಆದರೆ ಒಂದೊಂದರ ಮುಖ ಒಂದೊಂದು ಕಡೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿದ್ದೀರಲ್ಲ. ತೀರ್ಥೋದ್ಭವಕ್ಕೆ ಇನ್ನೂ ಹೊತ್ತಿದೆ ಅನ್ನುವಾಗ ಜನ ಗುಂಪು ಗುಂಪಾಗಿ ನಿಂತಿರುತ್ತಾರೆ. ಒಂದು ಗುಂಪು ಮೆಟ್ಟಿಲ ಕಡೆ, ಒಂದು ಗುಂಪು ಬೆಟ್ಟದ ಕಡೆ, ಇನ್ನೊಂದು ತಮ್ಮ ತಮ್ಮಲ್ಲೇ ಮಾತಾಡುತ್ತಾ. ಹೊತ್ತು ಬಂತು ಅಂದ ಕೂಡಲೇ ಎಲ್ಲರ ಮುಖವೂ ಕುಂಡಿಕೆಯ ಕಡೆ. ಕಬ್ಬಿಣದ ಒಳಗೆ ಆಗುವುದೂ ಇದೇ. ಕಾಯಿಲ್ಲಿನ ಸಣ್ಣ ಬಲ ಆ ಕರೆ ಇದ್ದ ಹಾಗೆ. ಎಲ್ಲ ವಲಯಗಳೂ ಒಂದೇ ಕಡೆ ಮುಖ ಮಾಡಿದಾಗ ಅವುಗಳ ಬಲವೆಲ್ಲ ಸೇರಿ ದೊಡ್ಡದಾಗುತ್ತದೆ.

ಇದರಿಂದ ಇನ್ನೆರಡು ವಿಷಯ ತಾನಾಗಿ ಅರ್ಥವಾಗುತ್ತದೆ. ಎಲ್ಲರೂ ಕುಂಡಿಕೆಯ ಕಡೆ ತಿರುಗಿ ಆದ ಮೇಲೆ ಮತ್ತೆ ಎಷ್ಟು ಕೂಗಿದರೂ ತಿರುಗಲು ಯಾರೂ ಉಳಿದಿಲ್ಲ. ಕಬ್ಬಿಣಕ್ಕೂ ಆ ಮಿತಿ ಇದೆ, ಸುಮಾರು 2 ಟೆಸ್ಲಾ. ಟೆಸ್ಲಾ ಅಂದರೆ ಕಾಂತತೆ ಎಷ್ಟು ಒತ್ತಾಗಿದೆ ಅನ್ನುವುದರ ಅಳತೆ. ಅದು ದಾಟಿದ ಮೇಲೆ ಕರೆಂಟು ಏರಿಸಿದರೆ ಕಾಯಿಲ್ ಬಿಸಿಯಾಗುತ್ತದೆಯೇ ಹೊರತು ಬಲ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಎರಡನೆಯದು ನಿಮ್ಮ ಮೂರು ಸೂಜಿಯ ಕಥೆ. ಕಾರ್ಯ ಮುಗಿದ ಮೇಲೂ ಕೆಲವರು ಅಲ್ಲೇ ಕುಂಡಿಕೆಯ ಕಡೆ ನೋಡುತ್ತಾ ನಿಲ್ಲುತ್ತಾರೆ. ಕರೆಂಟು ನಿಂತ ಮೇಲೂ ಕೆಲವು ವಲಯಗಳು ತಿರುಗಿದ ಕಡೆಯೇ ಉಳಿಯುತ್ತವೆ. ಉಳಿಕೆ ಕಾಂತತೆ ಅನ್ನುವುದು ಇದನ್ನೇ.

ಎಷ್ಟು ಉಳಿಯುತ್ತದೆ ಅನ್ನುವುದು ಲೋಹದ ಮೇಲೆ ಹೋಗುತ್ತದೆ. ಗಟ್ಟಿ ಉಕ್ಕಿನಲ್ಲಿ ಜಾಸ್ತಿ, ಮೆದು ಕಬ್ಬಿಣದಲ್ಲಿ ಕಡಿಮೆ. ತೋಟದ ಕತ್ತಿಯನ್ನು ಅಯಸ್ಕಾಂತದಿಂದ ನಾಲ್ಕು ಸಲ ಉಜ್ಜಿದರೆ ಸೂಜಿ ಹಿಡಿಯಲು ಶುರು ಮಾಡುತ್ತದೆ, ದಿನಗಟ್ಟಲೆ ಬಿಡುವುದಿಲ್ಲ. ಅದು ಗಟ್ಟಿ ಉಕ್ಕು. ಮೊಳೆ ಕತ್ತಿಯಷ್ಟು ಗಟ್ಟಿಯಲ್ಲ. ಆದರೆ ಕಾರ್ಖಾನೆಯಲ್ಲಿ ತಂತಿಯನ್ನು ತಣ್ಣಗಿರುವಾಗಲೇ ಎಳೆದು, ತಲೆ ಜಜ್ಜಿ ಮೊಳೆ ಮಾಡುತ್ತಾರಲ್ಲ, ಆ ಪೆಟ್ಟಿಗೆ ಲೋಹ ಬಿಗಿಯಾಗಿರುತ್ತದೆ. ಇದಕ್ಕೆ ಮನೆಯಲ್ಲೇ ಮದ್ದು ಇದೆ. ಕಾಯಿಲ್ ಬಿಚ್ಚಿ, ಮೊಳೆಯನ್ನು ರಾತ್ರಿ ಒಲೆಯ ಕೆಂಡದಲ್ಲಿ ಹೂಳಿ. ಕಾಫಿ ಗಿಡದ ಸೌದೆಯ ಕೆಂಡ ಒಳ್ಳೆಯದು, ಕಾವು ಚೆನ್ನಾಗಿ ನಿಲ್ಲುತ್ತದೆ. ಮೊಳೆ ಕೆಂಪಗೆ ಹೊಳೆಯಬೇಕು. ಆಮೇಲೆ ತೆಗೆದು ನೀರಿಗೆ ಹಾಕಬೇಡಿ, ಹಾಕಿದರೆ ಕೆಲಸ ಉಲ್ಟಾ ಆಗಬಹುದು. ಕೆಂಡ ತಾನಾಗಿ ಬೂದಿಯಾಗಲಿ, ಮೊಳೆ ಆ ಬೂದಿಯಲ್ಲೇ ಬೆಳಗಿನ ತನಕ ಆರಲಿ. ಬೆಳಿಗ್ಗೆ ಕಪ್ಪು ಪೊರೆ ಉಜ್ಜಿ ತೆಗೆದು ಮತ್ತೆ ಸುತ್ತಿ. ಸೆಲ್ ತೆಗೆದ ಮೇಲೆ ಮೂರು ಸೂಜಿ ನಿಲ್ಲುತ್ತಿದ್ದದ್ದು ಒಂದಕ್ಕೆ ಇಳಿದರೆ ಆಶ್ಚರ್ಯವಿಲ್ಲ.

ಆದರೆ ಮೊಳೆಯನ್ನು ಎಷ್ಟೇ ಸುಧಾರಿಸಿದರೂ ಅದು ಮೊಳೆಯೇ. ಅದರ ದೊಡ್ಡ ಕೊರತೆ ಆಕಾರದಲ್ಲಿದೆ. ಅಯಸ್ಕಾಂತದ ಬಲರೇಖೆಗಳು ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಬಂದು ಸೇರಲೇಬೇಕು. ನೆಟ್ಟಗಿನ ಮೊಳೆಯಲ್ಲಿ ಅವು ವಾಪಸ್ ಬರುವ ದಾರಿಯೆಲ್ಲ ಗಾಳಿ. ಗಾಳಿಯಲ್ಲಿ ಬಲರೇಖೆ ಹೋಗುವುದು ಬಲು ಕಷ್ಟ. ಒಳ್ಳೆಯ ಮೆದು ಕಬ್ಬಿಣದಲ್ಲಿ ಅದಕ್ಕಿಂತ ಸಾವಿರ ಪಟ್ಟಿಗೂ ಮಿಕ್ಕಿ ಸುಲಭ. ತೋಟದೊಳಗೆ ಒಳ್ಳೆಯ ಜೀಪ್ ರಸ್ತೆ ಇದ್ದು, ಗೇಟಿನಿಂದ ಆಚೆ ಮಳೆಗಾಲದ ಕೆಸರು ದಾರಿ ಇದ್ದರೆ ಲೋಡು ಎಷ್ಟು ಹೋದೀತು? ಕೆಸರು ಬಿಟ್ಟಷ್ಟೇ.

ಹಾಗಾಗಿ ಕಬ್ಬಿಣವನ್ನು ಲಾಳದ ಹಾಗೆ ಬಗ್ಗಿಸಬೇಕು. ಎರಡು ತುದಿಯೂ ಒಂದೇ ಕಡೆ ಬರಬೇಕು, ಎರಡಕ್ಕೂ ಅಡ್ಡಲಾಗಿ ಇನ್ನೊಂದು ಕಬ್ಬಿಣದ ಪಟ್ಟಿ ಕೂರಬೇಕು. ಆಗ ದಾರಿ ಪೂರ್ತಿ ಕಬ್ಬಿಣದ್ದೇ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ಜನರ ಮುಂದೆ ತೋರಿಸಿದ ವಿದ್ಯುತ್ಕಾಂತ ಇದೇ ಆಕಾರದ್ದು. ಸುಮಾರು 200 ಗ್ರಾಂ ಕಬ್ಬಿಣ, ಬರೀ 18 ಸುತ್ತು ತಾಮ್ರದ ತಂತಿ, ಎತ್ತಿದ್ದು 4 ಕೆಜಿ. ಆಗ ಹೊದಿಕೆ ಇರುವ ತಂತಿ ಸಿಗುತ್ತಿರಲಿಲ್ಲ. ಅವರು ಕಬ್ಬಿಣಕ್ಕೆ ವಾರ್ನಿಷ್ ಬಳಿದು, ಬೆತ್ತಲೆ ತಂತಿಯನ್ನು ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಸುತ್ತಿದ್ದರು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಸುತ್ತಿ ಹೊದಿಕೆ ಮಾಡಿದರು. ಹಾಗಾಗಿ ಪದರದ ಮೇಲೆ ಪದರ ಒತ್ತಾಗಿ ಸುತ್ತಲು ಸಾಧ್ಯವಾಯಿತು. 1831ರ ಹೊತ್ತಿಗೆ ಅವರು ಮಾಡಿಕೊಟ್ಟ ಒಂದು ಅಯಸ್ಕಾಂತ 900 ಕೆಜಿಗೂ ಜಾಸ್ತಿ ಎತ್ತಿತು. ಇವತ್ತು ನಾವು ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ತರುವ ಎನಾಮಲ್ ತಂತಿ ಆ ರೇಷ್ಮೆಯ ಮೊಮ್ಮಗಳು.

ಮಗಳಿಗೆ ನಾನು ಹೇಳುವುದು ಇಷ್ಟು: ಮೊಳೆಯನ್ನು ಪ್ರಯೋಗದ ಮೊದಲ ಭಾಗ ಅಂತ ಇಟ್ಟುಕೊಳ್ಳಲಿ, ಎರಡನೇ ಭಾಗಕ್ಕೆ ಲಾಳದ ಅಯಸ್ಕಾಂತ ಮಾಡಲಿ. ಹೇಗೆ ಅಂತ ಹೇಳುತ್ತೇನೆ.

ವೆಲ್ಡಿಂಗ್ ಅಂಗಡಿಯಲ್ಲಿ 10 ಮಿಲಿಮೀಟರಿನ ನುಣುಪಾದ ಎಂಎಸ್ ರಾಡ್, ಅಂದರೆ ಮೆದು ಉಕ್ಕಿನ ರಾಡ್, 8 ಇಂಚು ಕೇಳಿ. ಮನೆ ಕಟ್ಟುವ ಟಿಎಂಟಿ ಕಂಬಿ ಬೇಡ. ಅದರ ಹೊರಮೈಯನ್ನು ಬಿಸಿಯಲ್ಲೇ ನೀರು ಹಾಯಿಸಿ ಗಟ್ಟಿ ಮಾಡಿರುತ್ತಾರೆ, ಕಾಂತತೆ ಉಳಿಸಿಕೊಳ್ಳುತ್ತದೆ. ರಾಡನ್ನು ಅಲ್ಲೇ ಕಾಯಿಸಿ ಯು ಆಕಾರಕ್ಕೆ ಬಗ್ಗಿಸಿಕೊಡಲು ಹೇಳಿ. ಎರಡು ಕಾಲೂ ಆರು ಆರು ಸೆಂಟಿಮೀಟರ್ ನೆಟ್ಟಗಿರಲಿ. ಒಂದು ಇಂಚು ಅಗಲ, 6 ಮಿಲಿ ದಪ್ಪದ ಪಟ್ಟಿಯ ತುಂಡನ್ನೂ ತನ್ನಿ, ಅದು ಅಡ್ಡಪಟ್ಟಿ. ಎರಡನ್ನೂ ಮೊಳೆಗೆ ಹೇಳಿದ ಹಾಗೆ ಕೆಂಡದಲ್ಲಿ ಕಾಯಿಸಿ ಬೂದಿಯಲ್ಲಿ ಆರಿಸಿ.

ಮುಂದಿನ ಕೆಲಸಕ್ಕೆ ಆತುರ ಮಾಡಬಾರದು. ರಾಡಿನ ಎರಡೂ ತುದಿಗಳು ಒಂದೇ ಮಟ್ಟದಲ್ಲಿ, ಚಪ್ಪಟೆಯಾಗಿ ಇರಬೇಕು. ಗಾಜಿನ ಮೇಲೆ ನೀರು ಕಾಗದ, ಅಂದರೆ ಎಮರಿ ಪೇಪರ್ ಇಟ್ಟು, ಎರಡು ಕಾಲನ್ನೂ ಒಟ್ಟಿಗೆ ಒತ್ತಿ ತಿಕ್ಕಬೇಕು. ಪಟ್ಟಿಯನ್ನೂ ಹಾಗೇ ತಿಕ್ಕಿ. ಪಟ್ಟಿ ಕೂರಿಸಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ತೂರಬಾರದು. ಯಾಕೆ ಇಷ್ಟು ಹಟ? ಲೆಕ್ಕ ನೋಡಿ. ಕಬ್ಬಿಣದಲ್ಲಿ 1 ಟೆಸ್ಲಾ ಬರಬೇಕಾದರೆ, ಈ ಲಾಳ ಮತ್ತು ಪಟ್ಟಿ ಸೇರಿ 25 ಸೆಂಟಿಮೀಟರ್ ಕಬ್ಬಿಣದ ದಾರಿಗೆ ಸುಮಾರು 100 ಆಂಪಿಯರ್-ಸುತ್ತು ಸಾಕು. ಎರಡು ತುದಿಯಲ್ಲೂ ಬರೀ 0.1 ಮಿಲಿ ಸಂದಿ, ಅಂದರೆ ಒಂದು ಹಾಳೆ ಕಾಗದದಷ್ಟು ಸಂದಿ ಬಿಟ್ಟರೆ ಅದೊಂದಕ್ಕೇ 160 ಬೇಕು. ಒಂದು ಗೇಣು ಕಬ್ಬಿಣಕ್ಕಿಂತ ಒಂದು ಹಾಳೆ ಗಾಳಿ ಜಾಸ್ತಿ ತಿನ್ನುತ್ತದೆ. ನನ್ನ ಕಸುಬಿನಲ್ಲಿ ನನಗೆ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ.

ತಂತಿ 22 ಗೇಜ್ ಎನಾಮಲ್ ತಾಮ್ರ. ರೀವೈಂಡಿಂಗ್ ಅಂಗಡಿಯಲ್ಲಿ 50 ಗ್ರಾಂ ಕೇಳಿ, ಮಿಗುತ್ತದೆ. ಮೊದಲು ಎರಡು ಕಾಲಿಗೂ ಲೆದರಾಯ್ಡ್ ಪೇಪರ್, ಅಂದರೆ ಕರೆಂಟು ದಾಟದ ಗಟ್ಟಿ ಕಾಗದ, ಒಂದು ಸುತ್ತು ಸುತ್ತಿ, ಅದು ಇಲ್ಲದಿದ್ದರೆ ದಪ್ಪ ಕಂದು ಕಾಗದ. ರಾಡಿನ ಒರಟು ಮೈಗೆ ಎನಾಮಲ್ ಕೆರೆದುಹೋದರೆ ಸುತ್ತುಗಳು ಕಬ್ಬಿಣದ ಮೂಲಕ ಒಂದಕ್ಕೊಂದು ಕೂಡಿಕೊಂಡುಬಿಡುತ್ತವೆ. ಒಂದು ಕಾಲಿಗೆ 125 ಸುತ್ತು. ಐದು ಸೆಂಟಿಮೀಟರ್ ಜಾಗದಲ್ಲಿ ಒಂದು ಪದರಕ್ಕೆ ಅರವತ್ತರ ಮೇಲೆ ಹಿಡಿಯುತ್ತದೆ, ಎರಡು ಪದರದಲ್ಲಿ ಮುಗಿಯುತ್ತದೆ. ತಂತಿಯನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬಿಗಿ ಕಾಯ್ದುಕೊಳ್ಳಬೇಕು, ಬಲಗೈಯಲ್ಲಿ ರಾಡ್ ತಿರುಗಿಸಬೇಕು. ಸುತ್ತು ಸುತ್ತಿಗೆ ಅಂಟಿಕೊಂಡು ಕೂರುವಾಗ ಬೆರಳಿಗೆ ಒಂದು ಸಣ್ಣ 'ಟಿಕ್' ತಿಳಿಯುತ್ತದೆ. ಆ ಟಿಕ್ ತಪ್ಪಿದರೆ ತಂತಿ ಹಿಂದಿನ ಸುತ್ತಿನ ಮೇಲೆ ಹತ್ತಿದೆ ಅಂತ, ಒಂದು ಸುತ್ತು ವಾಪಸ್ ಬಿಚ್ಚಿ ಸರಿ ಮಾಡಿ. ಮೊದಲ ಪದರ ಮುಗಿದ ಮೇಲೆ ಒಂದು ಕಾಗದ ಸುತ್ತಿ ಎರಡನೆಯದು ಶುರು ಮಾಡಿ.

ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ದಾಟುವಾಗ ಬಹಳ ಜನ ತಪ್ಪುತ್ತಾರೆ. ಲಾಳವನ್ನು ಬಿಡಿಸಿ ನೆಟ್ಟಗೆ ಮಾಡಿದ್ದೇವೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳಿ. ಆ ನೆಟ್ಟಗಿನ ರಾಡಿನ ಮೇಲೆ ಉದ್ದಕ್ಕೂ ಸುತ್ತು ಒಂದೇ ದಿಕ್ಕಿನಲ್ಲಿ ಹೋಗಬೇಕು. ಅಂದರೆ ಬಗ್ಗಿಸಿದ ಮೇಲೆ ಎರಡು ತುದಿಯನ್ನೂ ನಿಮ್ಮ ಕಡೆ ಹಿಡಿದು ನೋಡಿದರೆ, ಒಂದು ಕಾಲಿನ ಸುತ್ತು ಗಡಿಯಾರದ ಮುಳ್ಳಿನ ಹಾಗೆ, ಇನ್ನೊಂದು ಅದಕ್ಕೆ ಎದುರಾಗಿ ಕಾಣಬೇಕು. ಎರಡೂ ಒಂದೇ ಕಡೆ ಕಂಡರೆ ಎರಡು ತುದಿಯೂ ಒಂದೇ ಧ್ರುವ ಆಗುತ್ತವೆ, ಒಂದರ ಬಲ ಇನ್ನೊಂದು ಕೆಡಿಸುತ್ತದೆ.

ಕೊನೆಗೆ ತಂತಿಯ ಎರಡು ತುದಿಯಲ್ಲೂ ಒಂದೊಂದು ಇಂಚು ಎನಾಮಲ್ ಕೆರೆದು ತೆಗೆಯಬೇಕು. ಎನಾಮಲ್ ಕಣ್ಣಿಗೆ ತಾಮ್ರದ ಹಾಗೇ ಕಾಣುತ್ತದೆ, ಹಾಗಾಗಿ ಮಕ್ಕಳು ಕೆರೆಯದೇ ಸೆಲ್ಲಿಗೆ ಹಿಡಿದು "ಕೆಲಸ ಮಾಡುತ್ತಿಲ್ಲ" ಅಂತ ಅಳುತ್ತಾರೆ. ಕೆರೆದ ಕಡೆ ತಾಮ್ರ ಎಳೇ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯಬೇಕು. ಆ ಬಣ್ಣ ಬರುವ ತನಕ ಬಿಡಬೇಡಿ.

ದೊಡ್ಡ ಟಾರ್ಚಿನ ಸೆಲ್ ಒಂದು ಸಾಕು. ಒಟ್ಟು 10 ಮೀಟರ್ ತಂತಿ, 0.43 ಓಮ್. ಸೆಲ್ಲಿನ ಒಳತಡೆ ಅರ್ಧ ಓಮ್ ಅಂತ ಹಿಡಿದರೂ ಒಂದೂವರೆ ಆಂಪಿಯರ್ ಹರಿಯುತ್ತದೆ, ಸುಮಾರು 400 ಆಂಪಿಯರ್-ಸುತ್ತು. 1 ಟೆಸ್ಲಾದಲ್ಲಿ ಧ್ರುವದ ಮುಖದ ಒಂದೊಂದು ಚದರ ಸೆಂಟಿಮೀಟರೂ 4 ಕೆಜಿ ಹಿಡಿಯುತ್ತದೆ. ನಿಮ್ಮ ಎರಡು ಮುಖ ಸೇರಿ ಒಂದೂವರೆ ಚದರ ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ, ಅಂದರೆ ಲೆಕ್ಕದಲ್ಲಿ 6 ಕೆಜಿ. ಮನೆಯಲ್ಲಿ ತಿಕ್ಕಿದ ಮುಖಕ್ಕೆ ಅದರ ಅರ್ಧ ಬಂದರೂ ಗೆದ್ದ ಹಾಗೆ. ಸೂಜಿ ಎಣಿಸುವುದು ಬಿಟ್ಟುಬಿಡಿ. ಪಟ್ಟಿಗೆ ಒಂದು ಚಿಕ್ಕ ಬಕೆಟ್ ನೇತುಹಾಕಿ, ಪಟ್ಟಿ ಕಳಚಿ ಬೀಳುವ ತನಕ ಲೋಟದಲ್ಲಿ ಕಾಫಿ ಬೀಜ ಸುರಿಯಲಿ, ಆಮೇಲೆ ತೂಗಲಿ. ಕೆಳಗೆ ಗೋಣಿಚೀಲ ಹಾಸಿರಿ. ಆಮೇಲೆ ಮುಖ ಮತ್ತು ಪಟ್ಟಿಯ ನಡುವೆ ಒಂದು ಹಾಳೆ ಕಾಗದ ಇಟ್ಟು ಮತ್ತೆ ತೂಗಲಿ, ಎರಡು ಹಾಳೆ ಇಟ್ಟು ತೂಗಲಿ. ತೂಕ ಹೇಗೆ ಕುಸಿಯುತ್ತದೆ ಅನ್ನುವ ಆ ಅಂಕಿಗಳೇ ಅವಳ ಪ್ರಯೋಗದ ಜೀವ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಕರೆಂಟು ಕೊಡಬೇಡಿ, ಸೆಲ್ ಸೋಲುತ್ತದೆ. ಮೊಬೈಲಿನ ಬ್ಯಾಟರಿ, ಯುಪಿಎಸ್ ಬ್ಯಾಟರಿ ಮುಟ್ಟಲೇಬೇಡಿ, ಅವು ಇಷ್ಟು ಕಡಿಮೆ ತಡೆಗೆ ವಿಪರೀತ ಕರೆಂಟು ಸುರಿಯುತ್ತವೆ, ಬೆಂಕಿಯ ಅಪಾಯ ಇದೆ. ಸೆಲ್ಲಿನಿಂದ ತಂತಿ ಬಿಡಿಸುವಾಗ ಒಂದು ಕಿಡಿ ಹಾರುತ್ತದೆ, ಬೆರಳಿಗೆ ಚುರುಕ್ ಅಂತಲೂ ಅನ್ನಿಸಬಹುದು. ಕಬ್ಬಿಣದಲ್ಲಿ ಕೂಡಿದ್ದ ಶಕ್ತಿ ಒಮ್ಮೆಲೇ ಹೊರಗೆ ಬರುವಾಗ ಹೀಗಾಗುತ್ತದೆ. 1ಎನ್4007 ಅನ್ನುವ ಡಯೋಡ್ ಒಂದನ್ನು ಕಾಯಿಲ್ಲಿಗೆ ಅಡ್ಡಲಾಗಿ, ಬೆಳ್ಳಿ ಗೆರೆ ಇರುವ ಕಡೆ ಪ್ಲಸ್ಸಿಗೆ ಬರುವ ಹಾಗೆ ಹಾಕಿದರೆ ಕಿಡಿ ನಿಲ್ಲುತ್ತದೆ.

ಈಗ ನಿಮ್ಮ ಸ್ಟಾರ್ಟರ್.

ಹಸಿರು ಬಟನ್ ಒತ್ತಿದಾಗ ಒಳಗೆ 'ಟಪ್' ಅಂತ ಸದ್ದು ಬರುತ್ತದಲ್ಲ, ಅದು ಲಾಳಕ್ಕೆ ಪಟ್ಟಿ ಬಂದು ಬಡಿದ ಸದ್ದು. ಲಾಳದ ಬದಲು ಇಲ್ಲಿ ಇ ಅಕ್ಷರದ ಆಕಾರದ ಎರಡು ಕಬ್ಬಿಣದ ಕಟ್ಟು, ಎದುರುಬದುರು. ನಡುಗಾಲಿಗೆ ಕಾಯಿಲ್. ಕರೆಂಟು ಕೊಟ್ಟರೆ ಮೇಲಿನ ಕಟ್ಟು ಕೆಳಕ್ಕೆ ಬಂದು ಕೂರುತ್ತದೆ, ಜೊತೆಗೆ ಮೋಟಾರಿನ ಮೂರು ಪಾಯಿಂಟುಗಳೂ ಕೂಡಿಕೊಳ್ಳುತ್ತವೆ. ಕರೆಂಟು ಹೋದರೆ ಸ್ಪ್ರಿಂಗ್ ಎತ್ತಿ ಬಿಡಿಸುತ್ತದೆ. ಜೀಪಿನ ಸೆಲ್ಫ್ ಹೊಡೆಯುವಾಗ ಬರುವ 'ಟಕ್', ಮನೆಯ ಕರೆಗಂಟೆಯ 'ಡಿಂಗ್', ಎಲ್ಲ ಇದೇ ಕೆಲಸ.

ಒಂದೇ ವ್ಯತ್ಯಾಸ, ಮಗಳ ಸೆಲ್ ಡಿಸಿ, ಕರೆಂಟು ಒಂದೇ ಕಡೆ ಹರಿಯುತ್ತದೆ; ನಿಮ್ಮ ಲೈನ್ ಎಸಿ, ಕರೆಂಟು ದಿಕ್ಕು ಬದಲಿಸುತ್ತಲೇ ಇರುತ್ತದೆ. 50 ಹರ್ಟ್ಸ್ ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸೊನ್ನೆಗೆ ಬಂದಾಗಲೆಲ್ಲ ಹಿಡಿತ ತಪ್ಪಬೇಕು, ಸ್ಪ್ರಿಂಗ್ ಎತ್ತಬೇಕು. ಅದಕ್ಕೇ ಧ್ರುವದ ಮುಖದಲ್ಲಿ ಒಂದು ಕಡೆ ಸಣ್ಣ ತಾಮ್ರದ ರಿಂಗ್ ಹೂತಿರುತ್ತಾರೆ. ಅದರಲ್ಲಿ ಹುಟ್ಟುವ ಕರೆಂಟು ಮುಖದ ಆ ಭಾಗದ ಕಾಂತತೆಯನ್ನು ಸ್ವಲ್ಪ ತಡವಾಗಿ ಏಳಿಸಿ ತಡವಾಗಿ ಇಳಿಸುತ್ತದೆ. ಒಂದು ಭಾಗ ಸೊನ್ನೆಯಲ್ಲಿದ್ದಾಗ ಇನ್ನೊಂದು ಭಾಗ ಹಿಡಿದಿರುತ್ತದೆ. ಆ ರಿಂಗ್ ಒಡೆದರೆ ಸ್ಟಾರ್ಟರ್ ಗುಂಯ್‌ಗುಡುವುದಿಲ್ಲ, ಕಿವಿಗಡಚಿಕ್ಕುವ ಹಾಗೆ ಗರಗರ ಅನ್ನುತ್ತದೆ. ಕಬ್ಬಿಣವನ್ನು ಇಡೀ ತುಂಡಾಗಿ ಇಡದೆ ತೆಳ್ಳಗಿನ ಸ್ಟಾಂಪಿಂಗ್ ತಗಡುಗಳನ್ನು ಜೋಡಿಸಿ ರಿವೆಟ್ ಮಾಡುವುದೂ ಎಸಿಯ ಕಾರಣಕ್ಕೇ. ಇಡೀ ತುಂಡಾದರೆ ಕಬ್ಬಿಣದ ಒಳಗೇ ಕರೆಂಟು ಸುಳಿ ಸುತ್ತಿ ಅದು ಬಿಸಿಯಾಗುತ್ತದೆ.

ಹಾಗಾದರೆ ಸುಟ್ಟಿದ್ದು ಯಾಕೆ? ಡಿಸಿ ಕಾಯಿಲ್ಲಿನಲ್ಲಿ ಪಟ್ಟಿ ಕೂತಿರಲಿ, ಬಿಡಲಿ, ಹರಿಯುವ ಕರೆಂಟು ಒಂದೇ. ಎಸಿ ಕಾಯಿಲ್ ಹಾಗಲ್ಲ. ಅಲ್ಲಿ ಕರೆಂಟನ್ನು ತಡೆದು ನಿಲ್ಲಿಸುವುದು ತಂತಿಯ ತಡೆಗಿಂತ ಜಾಸ್ತಿಯಾಗಿ ಕಬ್ಬಿಣದ ಮುಚ್ಚಿದ ದಾರಿ. ಕಟ್ಟು ಪೂರ್ತಿ ಕೂತರೆ ಕರೆಂಟು ಸಣ್ಣದು. ಕೂರದೆ ಸಂದಿ ಉಳಿದರೆ ಅದರ ಆರು, ಎಂಟು, ಹತ್ತು ಪಟ್ಟು ಹರಿಯುತ್ತದೆ. ಪ್ರತಿ ಸಲ ಬಟನ್ ಒತ್ತಿದಾಗಲೂ ಹೀಗಾಗುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟು ಕೂತು ಕರೆಂಟು ಇಳಿಯುತ್ತದೆ. ನಿಮ್ಮದು ಕೂರಲಿಲ್ಲ. ಗುಂಯ್ ಅನ್ನುತ್ತಾ ಅರ್ಧ ದಾರಿಯಲ್ಲೇ ನಿಂತಿತು. ಆ ಸದ್ದು ಕೇಳುವಷ್ಟು ಹೊತ್ತೂ ಕಾಯಿಲ್ ಬೇಯುತ್ತಿತ್ತು.

ಕೂರಲಿಲ್ಲ ಯಾಕೆ ಅನ್ನುವುದಕ್ಕೆ ಫೆಬ್ರವರಿ ಅನ್ನುವ ಒಂದು ಮಾತೇ ಸಾಕು. ಹೂವಿಗೆ ನೀರು ಕೊಡುವ ಕಾಲ. ಲೈನಿನಲ್ಲಿರುವ ಎಲ್ಲ ತೋಟದಲ್ಲೂ ಒಟ್ಟಿಗೆ ಸ್ಪ್ರಿಂಕ್ಲರ್ ಓಡುತ್ತವೆ, ವೋಲ್ಟೇಜ್ ಬೀಳುತ್ತದೆ. ಕಾಂಟ್ಯಾಕ್ಟರುಗಳು, ಅಂದರೆ ಸ್ಟಾರ್ಟರಿನೊಳಗಿನ ಈ ಕಾಯಿಲ್ ಸ್ವಿಚ್ಚುಗಳು, ಕಾಯಿಲ್ಲಿನ ಮೇಲೆ ಬರೆದ ವೋಲ್ಟೇಜಿನ ಶೇಕಡಾ 85ರ ತನಕ ಖಾತ್ರಿಯಾಗಿ ಎಳೆಯಬೇಕು, 415 ವೋಲ್ಟಿನ ಕಾಯಿಲ್ಲಿಗೆ ಸುಮಾರು 353. ಅದರ ಕೆಳಗೆ ಭರವಸೆ ಇಲ್ಲ. ಎಳೆಯುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಶೇಕಡಾ 80 ವೋಲ್ಟೇಜ್ ಇದ್ದರೆ ಬಲ ಉಳಿಯುವುದು 64. ಇದರ ಜೊತೆಗೆ ನಮ್ಮ ಮಳೆಗಾಲವನ್ನು ಸೇರಿಸಿ. ಜೂನ್‌ನಿಂದ ತಿಂಗಳುಗಟ್ಟಲೆ ಪಂಪ್‌ಹೌಸಿನೊಳಗೆ ತೇವ, ಸ್ಟಾರ್ಟರಿಗೆ ಕೆಲಸವಿಲ್ಲ. ಧ್ರುವದ ಮುಖದ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ, ಇರುವೆ ಗೂಡು ಕಟ್ಟುತ್ತದೆ. ಒಂದು ಹಾಳೆ ಕಾಗದದಷ್ಟು ಸಂದಿ ಎಷ್ಟು ತಿನ್ನುತ್ತದೆ ಅಂತ ಆಗಲೇ ನೋಡಿದ್ದೇವಲ್ಲ. ತುಕ್ಕಿನ ಪೊರೆಯೂ ಅಷ್ಟೇ.

ಜನವರಿ ಕೊನೆಯಲ್ಲಿ, ನೀರು ಬಿಡುವ ಮೊದಲು, ಒಂದು ಗಂಟೆ ಇದಕ್ಕೆ ಇಡಿ. ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಟೆಸ್ಟರ್‌ನಲ್ಲಿ ನೋಡಿ ಖಾತ್ರಿ ಮಾಡಿಕೊಂಡೇ ಪೆಟ್ಟಿಗೆ ತೆರೆಯಿರಿ. ಇಲ್ಲವೇ ತಿಳಿದ ಎಲೆಕ್ಟ್ರಿಷಿಯನ್ ಕರೆಯಿರಿ, ಮೂರು ಫೇಸಿನ ಜೊತೆ ಧೈರ್ಯ ತೋರಿಸುವುದು ಬೇಡ. ಮುಖಗಳನ್ನು ಒಣ ಬಟ್ಟೆಯಲ್ಲಿ ಉಜ್ಜಿ. ಒಂದು ಹನಿ ಮೆಷಿನ್ ಎಣ್ಣೆ ಹಚ್ಚಿ ಪೂರ್ತಿ ಒರೆಸಿಬಿಡಿ. ಗ್ರೀಸ್ ಬೇಡ, ಅಂಟಿಕೊಳ್ಳುತ್ತದೆ.

ಅರ ಮಾತ್ರ ಹಾಕಲೇಬೇಡಿ. ಇದನ್ನು ಕಷ್ಟಪಟ್ಟು ಕಲಿತವನು ನಾನು. ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಒಂದು ತೋಟದ ಸ್ಟಾರ್ಟರ್ ಬಿಚ್ಚಿದಾಗ ಇ ಆಕಾರದ ನಡುಗಾಲು ಪಕ್ಕದ ಎರಡು ಕಾಲಿಗಿಂತ ಕೂದಲೆಳೆಯಷ್ಟು ಗಿಡ್ಡ ಇತ್ತು. ತಯಾರಿಯ ತಪ್ಪು ಅಂದುಕೊಂಡು ಪಕ್ಕದ ಕಾಲುಗಳಿಗೆ ಅರ ಹಾಕಿ ಮೂರನ್ನೂ ಒಂದೇ ಮಟ್ಟ ಮಾಡಿದೆ. ಚಾಲೂ ಮಾಡಿದರೆ ಸದ್ದೇ ಇಲ್ಲದ ಹಾಗೆ ಓಡಿತು. ಸಂಜೆ ಕೆಂಪು ಬಟನ್ ಒತ್ತಿದರು, ಪಂಪ್ ನಿಲ್ಲಲಿಲ್ಲ. ಮೇನ್ ಇಳಿಸಿ ನಿಲ್ಲಿಸಬೇಕಾಯಿತು. ಆ ಕೂದಲೆಳೆ ಸಂದಿಯನ್ನು ಬೇಕಂತಲೇ ಬಿಟ್ಟಿರುತ್ತಾರೆ. ಕಬ್ಬಿಣದ ದಾರಿ ಪೂರ್ತಿ ಮುಚ್ಚಿದರೆ ಕರೆಂಟು ಹೋದ ಮೇಲೂ ಉಳಿಕೆ ಕಾಂತತೆ ಕಟ್ಟನ್ನು ಹಿಡಿದುಕೊಂಡೇ ಇರುತ್ತದೆ, ನಿಮ್ಮ ಮೂರು ಸೂಜಿಯ ಹಾಗೆ. ಅವತ್ತು ಕೆರೆಯಲ್ಲಿ ನೀರಿತ್ತು, ಮೋಟಾರಿಗೆ ಏನೂ ಆಗಲಿಲ್ಲ. ಇಲ್ಲದಿದ್ದರೆ ಅದೂ ಹೋಗುತ್ತಿತ್ತು. ವರ್ಷಗಟ್ಟಲೆ ಬಡಿದು ಬಡಿದು ಪಕ್ಕದ ಕಾಲು ಸವೆದರೂ ಇದೇ ಆಗುತ್ತದೆ. ನಿಮ್ಮದು ಹಳೆಯದಾದರೆ, ಸ್ಟಾಪ್ ಒತ್ತಿದಾಗ ಬಿಡಲು ಒಂದು ಕ್ಷಣ ತಡ ಮಾಡುತ್ತದಾ ಅಂತ ಗಮನಿಸಿ. ಮಾಡಿದರೆ ಕಾಂಟ್ಯಾಕ್ಟರನ್ನೇ ಬದಲಾಯಿಸಿ.

ಹೊಸ ಕಾಯಿಲ್ ತರುವಾಗ ಹಳೆಯದರ ಮೇಲಿನ ವೋಲ್ಟೇಜ್ ಓದಿಕೊಂಡು ಹೋಗಿ. 230ರದ್ದೂ 415ರದ್ದೂ ನೋಡಲು ಒಂದೇ ಥರ. ಬದಲಾದರೆ ಒಂದು ಎಳೆಯುವುದಿಲ್ಲ, ಇನ್ನೊಂದು ಆ ಕ್ಷಣವೇ ಸುಡುತ್ತದೆ. ಹೂವಿನ ಕಾಲಕ್ಕೆ ಒಂದು ವೋಲ್ಟ್‌ಮೀಟರ್ ಪೆಟ್ಟಿಗೆಯ ಮೇಲೆ ಕೂರಿಸಿ. ವೋಲ್ಟೇಜ್ 350ರ ಕೆಳಗಿದ್ದರೆ ಬಟನ್ ಮುಟ್ಟದೆ ರಾತ್ರಿ ಲೋಡು ಇಳಿಯುವ ತನಕ ಕಾಯಿರಿ. ಗುಂಯ್ ಅಂದ ಕೂಡಲೇ ಕೆಂಪು ಬಟನ್ ಒತ್ತಿ, "ಇರಲಿ, ಹಿಡಿಯುತ್ತದೆ" ಅಂತ ಕಾಯಬೇಡಿ.

ಸುಟ್ಟ ಕಾಯಿಲನ್ನೂ ಅದರ ಇ ಕಟ್ಟುಗಳನ್ನೂ ಗುಜರಿಗೆ ಹಾಕದೆ ಮಗಳ ಕೈಗೆ ಕೊಡಿ. ಧ್ರುವದ ಮುಖದಲ್ಲಿ ಆ ತಾಮ್ರದ ರಿಂಗ್ ಎಲ್ಲಿದೆ ಅಂತ ಹುಡುಕಲಿ. ಎರಡು ಕಟ್ಟನ್ನೂ ಮುಖಾಮುಖಿ ಇಟ್ಟು ಬೆಳಕಿಗೆ ಹಿಡಿಯಲಿ, ನಡುಗಾಲಿನ ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಮೇಳದಲ್ಲಿ ಅದನ್ನು ತಾನು ಮಾಡಿದ ಲಾಳದ ಪಕ್ಕದಲ್ಲೇ ಇಡಲಿ, ಕರೆಂಟು ಕೊಡದೆ, ಬರೀ ತೋರಿಸಲು.